ಮಾಮಾನ ರೋಗಕ್ಕೆ ನನ್ನ ಹೆಸರು

"ಏನು ತೊಂದರೆ ನಿಮಗೆ?" ಎಂದು ಡಾಕ್ಟರು ನನ್ನ ಮಾಮಾನನ್ನು ಕೇಳಿದರು.

"ನನಗೇನಿಲ್ರಿ ಮೇಡಂ, ನಾ ಗಟ್ಟಿ ಇದ್ದೇನಿ. ತ್ರಾಸ ಇಕಿಗ್ರಿ," ಎಂದು ಮಾಮಾ ನನ್ನ ಕಡೆ ಕೈ ಮಾಡಿದ.

ಡಾಕ್ಟರು ಕೈಯಲ್ಲಿದ್ದ ಫೈಲು ನೋಡಿದರು. ಮಲ್ಲಪ್ಪ, ವಯಸ್ಸು ಅರವತ್ತಾರು, ಗಂಡು. ಆಮೇಲೆ ನನ್ನನ್ನು ನೋಡಿದರು. ಹಸಿರು ಇಳಕಲ್ ಸೀರೆ, ಕೈತುಂಬ ಬಳೆ, ಹಣೆಯಲ್ಲಿ ಕುಂಕುಮ. ಮತ್ತೆ ಫೈಲು ನೋಡಿದರು. ಅವರ ಸರ್ವಿಸಿನಲ್ಲಿ ಇಂಥ ಕೇಸು ಬಂದಿರಲಿಕ್ಕಿಲ್ಲ.

ನಾನು ನೆಲ ನೋಡಿದೆ. ಪಕ್ಕದಲ್ಲಿದ್ದ ಮಾಮಾನ ಮಗ ಬಸು ಫ್ಯಾನು ನೋಡಿದ.

ಇದು ಹೇಗಾಯಿತೆಂದು ನಾನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಬೇರೆಯವರ ಬಾಯಿಂದ ಕೇಳುತ್ತೀರಿ. ಇಂಡಿಯಿಂದ ಮುದ್ದೇಬಿಹಾಳದವರೆಗೆ ನನ್ನ ಬಗ್ಗೆ ಈಗಾಗಲೇ ನಾಲ್ಕು ಕಥೆ ಓಡಾಡುತ್ತಿವೆ. ಒಂದರಲ್ಲಿ ನಾನು ಸತ್ತೂ ಹೋಗಿದ್ದೇನೆ.

ಗೊಳಸಂಗಿಯ ಮಲ್ಲಪ್ಪ ಮಾಮಾ ನನ್ನ ಅವ್ವನ ತಮ್ಮ. ನನ್ನ ಅಪ್ಪ ಬೇಗ ಹೋದ. ನನ್ನನ್ನು ಸಾಲಿಗೆ ಹಾಕಿ, ಬಿ.ಕಾಂ. ಮಾಡಿಸಿ, ಸಿಂದಗಿಯ ಬ್ಯಾಂಕಿನ ಕುರ್ಚಿಯ ಮೇಲೆ ಕೂಡಿಸಿದವನು ಮಾಮಾನೇ. ಜೋಳ ತುಂಬಿದ ಚೀಲವನ್ನು ಈಗಲೂ ಒಬ್ಬನೇ ಎತ್ತುತ್ತೇನೆ ಅನ್ನುವ ಮನುಷ್ಯ. (ಎತ್ತಿದ್ದನ್ನು ಯಾರೂ ನೋಡಿಲ್ಲ.) ಎಲೆ, ಅಡಿಕೆ, ತಂಬಾಕು ಬಿಟ್ಟರೆ ಬೇರೆ ಚಟವಿಲ್ಲ. ಸಾರಾಯಿಯನ್ನಂತೂ ಮೂಸಿಯೂ ನೋಡಿದವನಲ್ಲ.

ಅವನಿಗೆ ಎರಡು ತಿಂಗಳಿಂದ ಬಲಪಕ್ಕೆ ಭಾರ, ಊಟ ಸೇರದು. ಬಸು ವಿಜಯಪುರಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದ. ಅಲ್ಲಿನ ಡಾಕ್ಟರು ಇನ್ನೊಂದು ದೊಡ್ಡ ಸ್ಕ್ಯಾನ್ ಮಾಡಿಸಿ, ಬಸುವನ್ನು ಒಬ್ಬನನ್ನೇ ಒಳಗೆ ಕರೆದು ಹೇಳಿದರು. ಲಿವರಿನಲ್ಲಿ ಗಡ್ಡೆ. ಕ್ಯಾನ್ಸರು. ಬೇಗ ಲಿವರ್ ಸ್ಪೆಷಲಿಸ್ಟ್ ಹತ್ತಿರ ಹೋದರೆ ದಾರಿಗಳಿವೆ, ತಡ ಮಾಡಿದರೆ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ.

ಬಸು ಹೊರಗೆ ಬಂದ. ಬೆಂಚಿನ ಮೇಲೆ ಕೂತಿದ್ದ ಅಪ್ಪ, "ಏನಂತಪಾ?" ಅಂದ.

"ಗ್ಯಾಸ್ ಅಂತ," ಅಂದ ಬಸು.

ನಮ್ಮ ಕಡೆಯ ಪದ್ಧತಿಯೇ ಇದು. ರೋಗಿಯೊಬ್ಬನನ್ನು ಬಿಟ್ಟು ಊರಿಗೆಲ್ಲ ರೋಗದ ಹೆಸರು ಹೇಳುವುದು. "ಅಂವಗ ಹೇಳಬ್ಯಾಡ್ರಿ, ಎದಿ ಒಡಕೋತಾನ" ಎಂದು ಒಬ್ಬರು ಶುರು ಮಾಡಿದರೆ ಮುಗಿಯಿತು, ಕಟಿಂಗ್ ಅಂಗಡಿಯವನಿಗೂ ಗೊತ್ತು, ಹಾಲು ಹಾಕುವವಳಿಗೂ ಗೊತ್ತು, ಹೊಟ್ಟೆಯೊಳಗೆ ಗಡ್ಡೆ ಇಟ್ಟುಕೊಂಡವನಿಗೆ ಮಾತ್ರ ಗೊತ್ತಿಲ್ಲ. (ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ, ರೋಗಿಗೆ ನಿಜ ಹೇಳಲು ಹೆದರಬೇಡಿ ಎಂದು ದೊಡ್ಡದಾಗಿ ಬರೆದವಳು ನಾನೇ. ಯಾರಾದರೂ ಕತ್ತರಿಸಿ ಇಟ್ಟುಕೊಂಡಿದ್ದರೆ ದಯವಿಟ್ಟು ಹರಿದುಹಾಕಿ.)

ಈಗ ಒಂದು ತೊಡಕು ಬಂತು. ಗ್ಯಾಸು ಅಂದಮೇಲೆ ದೊಡ್ಡ ಊರಿಗೆ ಯಾಕೆ ಹೋಗಬೇಕು? "ಹೊಟ್ಯಾಗ ಗ್ಯಾಸ್ ಆದ್ರ ಅಜಿವಾನ ತಿಂತಾರ, ರೈಲ ಹತ್ತೂದಿಲ್ಲ," ಅಂದ ಮಾಮಾ. "ತೊಗರಿ ಹೂ ಹಿಡದೈತಿ, ಹುಳಕ್ಕ ಎಣ್ಣಿ ಹೊಡೀಬೇಕು. ನಾ ಎಲ್ಲಿಗೂ ಬರೂದಿಲ್ಲ."

ಬಸು ಒಂದು ವಾರ ಕೈಕಾಲು ಹಿಡಿದ. ಮಾಮಾ ಅಲುಗಾಡಲಿಲ್ಲ. ವಿಜಯಪುರದ ಡಾಕ್ಟರ ಮಾತು ಬಸುವಿನ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ನನಗೆ ಫೋನ್ ಮಾಡಿ ಅತ್ತ. ಭಾನುವಾರ ನಾನು ಗೊಳಸಂಗಿಗೆ ಹೋದೆ.

ಮಾಮಾ ಹೊಲಕ್ಕೆ ಹೋಗಿದ್ದ. ಅಡುಗೆಮನೆಯಲ್ಲಿ ಸಭೆ ಕೂಡಿತು. ಅಧ್ಯಕ್ಷತೆ ಮಾಮಾನ ಹೆಂಡತಿ ಗಂಗವ್ವ ಅತ್ತಿಯದು. ಅವಳಿಗೆ ಮೊದಲ ದಿನವೇ ಬಸು ಎಲ್ಲ ಹೇಳಿದ್ದ. ಕಣ್ಣೊರೆಸಿಕೊಂಡು, ರೊಟ್ಟಿ ಬಡಿಯುತ್ತಲೇ ಅವಳು ಪ್ಲಾನು ಹಾಕಿದಳು.

"ತನಗಂದ್ರ ಬರೂದಿಲ್ಲ ಅಂವ. ನಿನಗಂದ್ರ ಓಡಿ ಬರ್ತಾನ. ಶೈಲಿ, ಲಿವರಿನ್ಯಾಗ ಗಂಟು ನಿನಗಾಗೇತಿ ಅಂತ ಹೇಳೂನು. ಮಾಮಾ ಜೋಡಿ ಬರಲಾರದ ನಾ ದವಾಖಾನಿಗಿ ಹೋಗೂದಿಲ್ಲ ಅಂತ ನೀ ಹಟ ಹಿಡಿ. ಅಲ್ಲಿ ಹೋದಮ್ಯಾಲ ಡಾಕ್ಟರು ಹೆಂಗರೆ ಮಾಡಿ ಅವನ್ನ ನೋಡ್ತಾರ."

"ಅತ್ತಿ, ಇಷ್ಟ ದೊಡ್ಡ ಸುಳ್ಳ ನಾ ಹೆಂಗ ಹೇಳ್ಲಿ?"

"ಯಾಕ? ಪೇಪರಿನ್ಯಾಗ ಬರೀತೀಯಲ್ಲ, ರೂಢಿ ಇಲ್ಲೇನು?"

ಇದಕ್ಕೆ ಉತ್ತರ ಇದ್ದರೆ ನೀವೇ ಕೊಡಿ.

ಸಂಜೆ ಮಾಮಾ ಬಂದ. ನಾನು ಹೇಳಿದೆ. ಅವನು ಹೆಗಲ ಮೇಲಿನ ಟಾವೆಲ್ ಬಾಯಿಗೆ ಹಿಡಿದು ಕುಸಿದು ಕೂತ. ಅದನ್ನು ನೋಡಿ, ಸುಳ್ಳು ಅಂತ ಹೇಳಿಬಿಡಲೇ ಅನ್ನಿಸಿತು. ಅತ್ತಿ ಹಿಂದಿನಿಂದ ಕಣ್ಣು ಕಿಸಿದಳು. ಸುಮ್ಮನಾದೆ.

ಆದರೆ ಮಾಮಾ ಕೂತಿದ್ದು ಐದೇ ನಿಮಿಷ. ಎದ್ದವನೇ ಬಾಯಲ್ಲಿದ್ದ ತಂಬಾಕು ಉಗುಳಿದ. ಸೊಂಟದಲ್ಲಿದ್ದ ತಂಬಾಕಿನ ಚಂಚಿ ತೆಗೆದು ಒಲೆಗೆ ಹಾಕಿದ. "ಇಕಿ ಗಟ್ಟಿ ಆಗೂತನಾ ಮುಟ್ಟೂದಿಲ್ಲ. ಬಸು, ಆ ನಂಬರಿನ ಡೈರಿ ಕೊಡು. ಫೋನ್ ಹಚ್ಚು."

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ಮಾಮಾ ನಾಲ್ಕು ತಾಲೂಕಿನ ಬೀಗರು ಬಿಜ್ಜರು, ಪಾವಣೇರು, ದೋಸ್ತರು, ಎಲ್ಲರಿಗೂ ಫೋನು ಮಾಡಿದ. ಅಕ್ಕನ ಮಗಳಿಗೆ ಲಿವರ್ ತ್ರಾಸು, ಒಳ್ಳೆಯ ಡಾಕ್ಟರು ಯಾರು? ಉತ್ತರಗಳು ದಿಕ್ಕು ದಿಕ್ಕಿನಿಂದ ಬಂದವು. ಇಂಡಿಯವರು ಸೊಲ್ಲಾಪುರ ಅಂದರು. ಸಿಂದಗಿಯವರು ಕಲಬುರಗಿ ಅಂದರು. ಮುದ್ದೇಬಿಹಾಳದವರು ಬಾಗಲಕೋಟೆ ಅಂದರು. ಬಾಗೇವಾಡಿಯವರು, "ವಿಜಯಪುರದಾಗ ಏನ್ ಕಡಿಮಿ ಐತಿ?" ಎಂದು ಸಿಟ್ಟಾದರು. ಡೈರಿಯ ಮೂರು ಪುಟ ತುಂಬಿತು. ವಿಚಾರಿಸಿ ನೋಡಿದರೆ ಅದರಲ್ಲಿ ಇಬ್ಬರು ಎಲುಬಿನ ಡಾಕ್ಟರು, ಒಬ್ಬರು ಕಣ್ಣಿನವರು. ಸಾಲೋಟಗಿಯ ದೋಸ್ತ ಬಹಳ ಅಭಿಮಾನದಿಂದ ಬರೆಸಿದ ಹೆಸರು ದನದ ಡಾಕ್ಟರದು. "ಕೈಗುಣ ಅಂದ್ರ ಕೈಗುಣ," ಅಂದನಂತೆ.

ಸುದ್ದಿ ಹಬ್ಬಿದ ಮೇಲೆ ಜನ ಸುಮ್ಮನಿರುತ್ತಾರೆಯೇ? ಮಾತಾಡಿಸಲು ಬಂದರು. ಎಲ್ಲಿಗೆ? ಸಿಂದಗಿಗೆ, ನನ್ನ ಮನೆಗೆ! ಬ್ರೆಡ್ಡು, ಬಾಳೆಹಣ್ಣು, ಬಿಸ್ಕೀಟು, ಎಳನೀರು. ಇಂಡಿಯ ಬೀಗರು ತಮ್ಮ ತೋಟದ ಒಂದು ಚೀಲ ಲಿಂಬಿಹಣ್ಣು ಇಳಿಸಿ ಹೋದರು. ಇನ್ನೂ ಉಪ್ಪಿನಕಾಯಿ ಹಾಕುತ್ತಲೇ ಇದ್ದೇನೆ. ನಾನು ಹಾಸಿಗೆಯ ಮೇಲೆ ಶಾಲು ಹೊದ್ದು ಕೂಡಬೇಕು, ಬಂದವರು ಎದುರಿಗೆ ಕೂತು ನಿಟ್ಟುಸಿರು ಬಿಡಬೇಕು. ಬಾಗಿಲ ಸಪ್ಪಳವಾದರೆ ಸಾಕು, ತಿನ್ನುತ್ತಿದ್ದ ಮಿರ್ಚಿ ಭಜಿ ದಿಂಬಿನ ಕೆಳಗೆ.

ಲಿವರು ಅಂದರೆ ನಮ್ಮ ಜನರಿಗೆ ಒಂದೇ ಅರ್ಥ. ಒಬ್ಬಾಕೆ ನನ್ನ ಗಂಡನನ್ನು ಪಕ್ಕಕ್ಕೆ ಕರೆದು ಕೇಳಿದಳಂತೆ, "ಬ್ಯಾಂಕಿನ್ಯಾಗ ಪಾರ್ಟಿ ಗೀರ್ಟಿ ಭಾಳ ಇರ್ತಾವೇನ್ರಿ? ಯಾವಾಗಿಂದ ಹತ್ತೇತಿ ಇಕಿಗಿ?" ನನ್ನ ಗಂಡ, ಧರ್ಮರಾಯನ ವಂಶದವ, "ನನಗ ಗೊತ್ತಿಲ್ಲದ ಏನೂ ಕುಡ್ಯಾಂಗಿಲ್ರಿ," ಅಂದನಂತೆ. ಅಂದರೆ ಗೊತ್ತಿದ್ದು ಕುಡಿಯುತ್ತೇನೆ ಅಂತಾಯಿತು!

ಮುದ್ದೇಬಿಹಾಳದ ಚಿಗವ್ವ ಇನ್ನೊಂದು ಹೆಜ್ಜೆ ಮುಂದೆ. ನನ್ನ ತಲೆ ಸವರಿ ಅತ್ತಳು. ಅತ್ತು ಮುಗಿಸಿ ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಇನ್ನೂ ವಯಸ್ಸದಾಂವ ಅದಾನ. ನನ್ನ ಮೈದುನನ ಮಗಳು ಒಬ್ಬಾಕಿ ಮನ್ಯಾಗ ಅದಾಳ, ಭಾಳ ಸಮಾಧಾನದಾಕಿ." ಗಂಡನಿಗೆ ಚಹಾ ನೆತ್ತಿಗೇರಿತು. ಆದರೂ ಕೆಮ್ಮು ನಿಂತ ಮೇಲೆ ಅವನು ಹುಡುಗಿಯ ಹೆಸರು ಕೇಳಿದ್ದು ಯಾಕೆ? ಅದನ್ನು ಮನೆಯಲ್ಲಿ ಬೇರೆಯಾಗಿ ವಿಚಾರಿಸುತ್ತಿದ್ದೇನೆ.

ಮಾಮಾ ಮಾತ್ರ ಮೋರಟಗಿಗೆ ಹೋಗಿ ಯಾರೋ ಕೊಡುವ ಗಿಡಮೂಲಿಕೆ ರಸ ತಂದ. ಬರಿ ಹೊಟ್ಟೆಯಲ್ಲಿ ಒಂಬತ್ತು ದಿನ. ನಮ್ಮಲ್ಲೇ ಉಳಿದು, ಎದುರಿಗೆ ನಿಂತೇ ಕುಡಿಸಿದ. ಕಹಿ ಅಂದರೆ ಕಹಿ, ಬೇವು ಅದರ ಮುಂದೆ ಪೇಡೆ. ಸುಳ್ಳಿಗೆ ಇಷ್ಟು ಬೇಗ ಶಿಕ್ಷೆ ಸಿಕ್ಕಿದ್ದನ್ನು ನಾನು ಎಲ್ಲೂ ಕೇಳಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಡೈರಿಯ ಹೆಸರುಗಳನ್ನು ಮಾಮಾ ಸುಮ್ಮನೆ ನಂಬಲಿಲ್ಲ. ಫೋನು ಸಿಕ್ಕಲ್ಲಿ ಫೋನು, ಸಿಗದಲ್ಲಿ ಬಸ್ಸು ಹತ್ತಿ ಹೋಗಿ, ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದ. "ಸಾಹೇಬ್ರ, ಇಂಥಾ ಲಿವರಿನ ಗಂಟಿನವರನ್ನ ನೀವು ಎಷ್ಟ ಮಂದಿನ್ನ ನೋಡೀರಿ?" ಕೆಲವರಿಗೆ ಸಿಟ್ಟು ಬಂತು. ವಿಜಯಪುರದ ಒಬ್ಬ ಸರ್ಜನ್ ಮಾತ್ರ ನಕ್ಕು, "ವರ್ಷಕ್ಕ ಒಬ್ಬರನ್ನೋ ಇಬ್ಬರನ್ನೋ ನೋಡ್ತೇನಪ್ಪಾ. ದಿನಾ ನೋಡವರ ಕಡೆ ಹೋಗು. ಅಲ್ಲಿ ಲಿವರಿನವರು, ಆಪರೇಷನ್‌ನವರು, ಸ್ಕ್ಯಾನಿನವರು ಒಂದ ಟೇಬಲ್ಲಿಗಿ ಕೂತು ಒಂದೊಂದ ಕೇಸೂ ಮಾತಾಡ್ತಾರ," ಎಂದು ಒಂದು ಹೆಸರು ಬರೆದುಕೊಟ್ಟರು.

"ಎತ್ತಿಗಿ ಲಾಳ ಬಡಸಬೇಕಾದ್ರ ದಿನಾ ಬಡಿಯವನ ಕಡೆನ ಹೋಗಬೇಕು. ಹಬ್ಬಕ್ಕೊಮ್ಮಿ ಬಡಿಯವನ ಕಡೆ ಹೋದ್ರ ಎತ್ತು ಕುಂಟತೈತಿ," ಎಂದು ಮಾಮಾ ಆ ಹೆಸರಿಗೆ ಡೈರಿಯಲ್ಲಿ ದುಂಡು ಹಾಕಿದ.

ಅದೇ ಹೆಸರು ಬಸುವಿಗೆ ಮೊದಲ ಡಾಕ್ಟರೂ ಹೇಳಿದ್ದರಂತೆ. ಗಾಬರಿಯಲ್ಲಿ ಅವನು ಅದನ್ನು ಮರೆತೇಬಿಟ್ಟಿದ್ದ. ತನ್ನ ಸ್ಪೆಷಲಿಸ್ಟನ್ನು ಮಾಮಾ ತಾನೇ ಹುಡುಕಿಕೊಂಡಿದ್ದ. ತನಗೆ ಅಂತ ಗೊತ್ತಿದ್ದರೆ ಇಷ್ಟು ಓಡಾಡುತ್ತಿದ್ದನೇ? ಮೊದಲು ಸಿಕ್ಕ ಗುಳಿಗೆ ನುಂಗಿ ತೊಗರಿಗೆ ಎಣ್ಣೆ ಹೊಡೆಯಲು ಹೋಗುತ್ತಿದ್ದ.

ಅಪಾಯಿಂಟ್‌ಮೆಂಟ್ ಮಾತ್ರ ನಾನೇ ಮಾಡಿಸಿದೆ, ಮಲ್ಲಪ್ಪನ ಹೆಸರಿನಲ್ಲಿ. ಹಾಗೆ ಬಂದು ಕೂತದ್ದು ಆ ಆಸ್ಪತ್ರೆಯಲ್ಲಿ. (ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ನಾಲ್ಕು ತಾಲೂಕಿನ ಫೋನು ನನಗೇ.)

ಡಾಕ್ಟರು ಮೈಸೂರು ಕಡೆಯವರು, ಕನ್ನಡಕ ಹಾಕಿದ ಸಣ್ಣ ದೇಹದ ಹೆಂಗಸು. "ಫೈಲಲ್ಲಿ ನಿಮ್ಮ ಹೆಸರೇ ಇದೆಯಲ್ಲ?" ಎಂದು ಮಾಮಾನನ್ನು ಕೇಳಿದರು.

ನಾನು ಬಸುವಿನ ಕಾಲು ತುಳಿದೆ. ಮಾಮಾ ಮಾತ್ರ ಆರಾಮಾಗಿ ಹೇಳಿದ. "ಅದು ಹಂಗ ಇರತೈತ್ರಿ. ಹೊಲಾ ಉಳಾಂವ ಮಗ, ಪಹಣಿ ಉತಾರದಾಗ ಹೆಸರು ಅಪ್ಪಂದು. ನಾ ಮನಿ ಹಿರ್ಯಾ ಅಲ್ರಿ? ಅದಕ್ಕ ನನ್ನ ಹೆಸರ ಹಾಕ್ಯಾರ."

ಡಾಕ್ಟರಿಗೆ ತಿಳಿಯಿತು. ಅವರು ಎದ್ದು ನನ್ನನ್ನೂ ಬಸುವನ್ನೂ ಹೊರಗೆ ಕರೆದರು. ಬಸು ಒಂದೇ ಉಸಿರಿಗೆ ಎಲ್ಲ ಒದರಿದ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಲ್ಲಿ ದಿನಾ ಎರಡು ಫ್ಯಾಮಿಲಿ ಹೀಗೆ ಬರ್ತಾರೆ. ರೋಗಿನೇ ಬದಲು ಮಾಡ್ಕೊಂಡು ಬಂದೋರು ನೀವೇ ಮೊದಲು," ಅಂದರು. "ಅವರ ದೇಹ, ಅವರಿಗೆ ಗೊತ್ತಿಲ್ಲದೆ ನಾನು ಒಂದು ಮಾತ್ರೆನೂ ಬರೆಯಲ್ಲ. ನೀವು ಹೇಳ್ತೀರೋ, ನಾನು ಹೇಳಲೋ? ಹತ್ತು ನಿಮಿಷ."

ಒಳಗೆ ಹೋದೆವು. ಮಾಮಾ ನನ್ನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಮ್ಮ ಮುಖ ನೋಡಿದ್ದೇ ಎದ್ದ.

"ಏನಂದ್ರವ್ವಾ? ಕೈ ಬಿಟ್ರೇನು?"

"ಮಾಮಾ, ನನ್ನ ಹೊಟ್ಯಾಗ ಏನೂ ಇಲ್ಲ," ಅಂದೆ.

"ಅಂದ್ರ?"

"ನನಗ ಯಾವ ರೋಗನೂ ಇಲ್ಲ. ಸುಳ್ಳ ಹೇಳಿದ್ವಿ. ನಾ ಗಟ್ಟಿ ಇದ್ದೇನಿ."

ಅವನು ಬೈಯುತ್ತಾನೆ ಅಂದುಕೊಂಡೆ. ಎರಡೂ ಕೈ ಜೋಡಿಸಿ, "ನಮ್ಮಪ್ಪ ಬಸವಣ್ಣಾ," ಎಂದು ಹಾಗೆಯೇ ಕುರ್ಚಿಗೆ ಒರಗಿದ. "ಉಳದ್ಯವ್ವಾ. ಉಳದಿ." ಮುಖ ತೊಯ್ದು ಹೋಯಿತು. ನನ್ನ ಮದುವೆಯಲ್ಲೂ ಅವನು ಅಷ್ಟು ಅತ್ತಿರಲಿಲ್ಲ.

ಅರ್ಧ ನಿಮಿಷ ಕಳೆದಿರಬೇಕು. ಟಾವೆಲಿನಿಂದ ಮುಖ ಒರೆಸುತ್ತಿದ್ದ ಕೈ ನಿಂತಿತು.

"ಮತ್ತ ಇಲ್ಲಿಗ್ಯಾಕ ಬಂದೀವಿ?"

ಅವನು ಟೇಬಲ್ಲಿನ ಮೇಲಿನ ಫೈಲು ನೋಡಿದ.

"ನಂದದು."

"ಹೌದು ಮಾಮಾ."

"ಗ್ಯಾಸ್ ಅಲ್ಲ."

"ಅಲ್ಲ."

ನನ್ನ ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ. ತನ್ನ ಸಾವಿನ ಭಯವನ್ನೂ ಆ ಮನುಷ್ಯ ನಾನು ಉಳಿದ ಸಂತೋಷ ಮುಗಿಸಿ ಆಮೇಲೆ ಶುರು ಮಾಡಬೇಕಾಯಿತು. ಅಂಥ ಕೆಲಸ ಮಾಡಿದ್ದೆವು ನಾವು.

ಆಮೇಲೆ ಸಿಟ್ಟು ಬಂತು, ಬರಬೇಕಾದ್ದೇ. "ಏ ಖೋಡಿಗೋಳ್ರಾ! ಹೊಲ ನಂದು, ಹೊಟ್ಟಿ ನಂದು, ಸುದ್ದಿ ಅಷ್ಟ ನಿಮ್ದೇನು? ಹನ್ನೆರಡ ದಿನಾ ಆತು, ತಂಬಾಕ ಮುಟ್ಟಿಲ್ಲ ನಾ. ನಿನ್ನ ಸಲುವಾಗಿ!"

ಅಷ್ಟರಲ್ಲಿ ಡಾಕ್ಟರು ಬಂದರು. ಮಾಮಾ ಅವರಿಗೇ ಕೇಳಿದ. "ಮೇಡಂ, ಇಕಿಗಿ ರೋಗನ ಇಲ್ಲಂದ್ರ ನನ್ನ ಹರಕಿ ಮುಗದಂಗಲ್ರಿ? ತಂಬಾಕ ಹಾಕ್ಕೋಬಹುದಲ್ರಿ?"

"ಖಂಡಿತ ಇಲ್ಲ. ನಿಮ್ಮ ಮನೆಯವರು ಮಾಡಿರೋ ಒಂದೇ ಒಳ್ಳೆ ಕೆಲಸ ಅದು," ಅಂದರು ಡಾಕ್ಟರು. ಗಿಡಮೂಲಿಕೆ ರಸದ ವಿಷಯ ಕೇಳಿ ಮಾತ್ರ ಅವರ ಹುಬ್ಬು ಗಂಟಾಯಿತು. ಏನಿದೆ ಎಂದು ಗೊತ್ತಿಲ್ಲದ ರಸ ಕೆಟ್ಟ ಲಿವರನ್ನು ಇನ್ನಷ್ಟು ಕೆಡಿಸಬಹುದಿತ್ತಂತೆ. ಪುಣ್ಯಕ್ಕೆ ಕುಡಿದವಳು ನಾನು.

ಮುಂದಿನ ಒಂದು ಗಂಟೆ ಡಾಕ್ಟರು ಮಾಮಾನ ಜೊತೆಗೇ ಮಾತಾಡಿದರು. ನಮ್ಮ ಕಡೆ ನೋಡಲೂ ಇಲ್ಲ. ಎಷ್ಟೋ ವರ್ಷದ ಹಿಂದೆ ಬಂದಿದ್ದ ಕಾಮಾಲೆಯ ವೈರಸ್ಸು ಅವನ ರಕ್ತದಲ್ಲೇ ಉಳಿದು, ಸದ್ದಿಲ್ಲದೆ ಲಿವರು ತಿಂದಿತ್ತು. ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ. (ನನ್ನ ಬ್ಯಾಂಕಿನ ಪಾರ್ಟಿ ವಿಚಾರಿಸಿದಾಕೆ ದಯವಿಟ್ಟು ಈ ಸಾಲನ್ನು ಎರಡು ಸಲ ಓದಬೇಕು.) ಗಡ್ಡೆಗೆ ರಕ್ತ ಒಯ್ಯುವ ನಾಳದಲ್ಲೇ ಔಷಧ ಬಿಟ್ಟು ಆ ನಾಳವನ್ನು ಮುಚ್ಚುವುದು ಈಗಿನ ದಾರಿ.

"ಅಂದ್ರ ಕಸಕ್ಕ ನೀರ ಬಂದ್ ಮಾಡೂದು," ಅಂದ ಮಾಮಾ.

"ಹಾಗೇ," ಅಂದರು ಡಾಕ್ಟರು. ಆಮೇಲೆ ಇನ್ನೊಂದು ವಿಷಯ ತೆಗೆದರು. ಅಲ್ಲಿ ಒಂದು ಸಂಶೋಧನೆ ನಡೆದಿದೆ. ಇದೇ ಚಿಕಿತ್ಸೆಯ ಜೊತೆ ಒಂದು ಹೊಸ ಔಷಧವನ್ನೂ ಕೊಟ್ಟರೆ ಹೆಚ್ಚು ಉಪಯೋಗವಾಗುತ್ತದೆಯೇ ಎಂದು ನೋಡುವುದು. ಇಷ್ಟವಿದ್ದರೆ ಸೇರಬಹುದು.

ಬಸು ಎದ್ದೇ ನಿಂತ. "ಪ್ರಯೋಗ ಏನ್ರಿ? ನಮ್ಮಪ್ಪ ಏನ್ ಇಲೀರಿ?"

"ಕೂಡ್ರೋ ಗಪ್ಪ," ಅಂದ ಮಾಮಾ. "ನಿನಗೇನ ಗೊತ್ತೈತಿ?"

ಇಲ್ಲೊಂದು ಸಂಗತಿ ಹೇಳಬೇಕು. ಮಾಮಾನ ಹೊಲದಲ್ಲಿ ಮೂರು ವರ್ಷ ಕೃಷಿ ಸಂಶೋಧನೆಯವರು ತೊಗರಿಯ ಹೊಸ ತಳಿ ಹಾಕಿ ನೋಡಿದ್ದರು. ಯಾವ ಮಡಿಗೆ ಹೊಸ ಬೀಜ, ಯಾವ ಮಡಿಗೆ ಹಳೇದು ಎಂದು ಚೀಟಿ ಎತ್ತಿದ್ದರು. ಒಳ್ಳೆಯ ಕಪ್ಪು ಭೂಮಿಗೇ ಹೊಸ ಬೀಜ ಹಾಕಿರಿ ಎಂದು ಮಾಮಾ ಜಗಳವಾಡಿದ್ದ. ಹಾಗೆ ಮಾಡಿದರೆ ಭೂಮಿಯ ಗುಣ ಬೀಜದ ಹೆಸರಿಗೆ ಹೋಗುತ್ತದೆ ಎಂದು ಅವರು ತಿಳಿಸಿ ಹೇಳಿದ್ದರು.

ಮಾಮಾ ಡಾಕ್ಟರ ಕಡೆ ಬಗ್ಗಿದ. "ಹೊಸಾ ಔಷಧ ಯಾರಿಗಿ ಅಂತ ನೀವ ಆರಸ್ತೀರೋ, ಚೀಟಿ ಎತ್ತತೀರೋ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಚೀಟಿ ಎತ್ತಿದ ಹಾಗೇ. ಕಂಪ್ಯೂಟರ್ ಎತ್ತುತ್ತೆ."

"ಹಂಗ ಆಗಬೇಕ್ರಿ. ಗಟ್ಟಿ ಮಂದಿಗಷ್ಟ ಹೊಸಾದು ಕೊಟ್ರ ಲೆಕ್ಕ ತಪ್ಪತೈತಿ. ಚೀಟ್ಯಾಗ ಹಳೇದ ಬಂದ್ರ?"

"ಈಗ ಎಲ್ಲರಿಗೂ ಕೊಡೋ ಒಳ್ಳೆ ಚಿಕಿತ್ಸೆ ಪೂರ್ತಿ ಸಿಗುತ್ತೆ. ಅದರಲ್ಲಿ ಏನೂ ಕಡಿಮೆ ಮಾಡಲ್ಲ."

"ನಡುವ ಬ್ಯಾಡಾದ್ರ ಬಿಡಾಕ ಬರತೈತೇನ್ರಿ?"

"ಯಾವಾಗ ಬೇಕಾದ್ರೂ. ಯಾಕೆ ಅಂತ ಹೇಳೋದೂ ಬೇಡ."

"ಬೆಳಿ ಬರಲಿಲ್ಲಂದ್ರ?"

"ಬಾರದೆಯೂ ಇರಬಹುದು. ನಾನು ಮಾತು ಕೊಡಲ್ಲ."

"ಅದನ್ನೂ ಬರಕೋತೀರಿಲ್ಲೋ?"

"ಬರ್ಕೋತೀವಿ."

"ಹಂಗಾದ್ರ ಆತು ಬಿಡ್ರಿ. ಹಾಳಾದ ಮಡಿನೂ ಮುಂದಿನಾಂವಗ ಬುದ್ಧಿ ಹೇಳತೈತಿ."

ಈ ಮನುಷ್ಯ ಎದೆ ಒಡೆದುಕೊಳ್ಳುತ್ತಾನೆ ಎಂದಲ್ಲವೇ ನಾವು ಅಷ್ಟೆಲ್ಲ ನಾಟಕ ಆಡಿದ್ದು? ಅವನು ಫಾರ್ಮಿನ ಪ್ರತಿ ಪುಟ ಬಸುವಿನಿಂದ ಓದಿಸಿ, ಎರಡು ಕಡೆ ಡಾಕ್ಟರಿಂದ ಮತ್ತೆ ಅರ್ಥ ಕೇಳಿ, ದುಂಡಗೆ ಸಹಿ ಮಾಡಿದ. ಇನ್ನು ಕೆಲವು ಟೆಸ್ಟು ಬಾಕಿ ಇವೆ. ಸೋಮವಾರ ಮೊದಲ ಚಿಕಿತ್ಸೆ. ಗುಣವಾಗುತ್ತಾನಾ? ಗೊತ್ತಿಲ್ಲ. ಕಳೆದುಕೊಂಡ ದಿನಗಳನ್ನು ನೆನೆದರೆ ನನಗೆ ಈಗಲೂ ಊಟ ಸೇರುವುದಿಲ್ಲ.

ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. ಆ ವೈರಸ್ಸು ಮನೆಯವರಿಗೂ ಇರಬಹುದು. ಹೆಂಡತಿ, ಮಕ್ಕಳು ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದೆವು. ಬಸು ಬಿಲ್ಲು ಕೊಡಲು ಎದ್ದು ಹೋದ. ಮಾಮಾ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡ. ಅತ್ತ ಇತ್ತ ನೋಡಿದ.

"ಶೈಲವ್ವಾ, ಒಂದ ಮಾತು. ನಿಮ್ಮ ಅತ್ತಿಗಿ ಅಷ್ಟ ಇದನ್ನ ಹೇಳಬ್ಯಾಡ. ಪಾಪ, ಅಕಿ ತಡಕೊಳ್ಳೂದಿಲ್ಲ. ರಕ್ತ ತಗಸಾಕ ಏನರೆ ಒಂದ ನೆಪಾ ಹುಡುಕು."

ಗಂಗವ್ವನಿಗೆ! ಇಡೀ ನಾಟಕ ಬರೆದವಳಿಗೆ! ಹೇಳಿಬಿಡಬೇಕಿತ್ತು. ಹೇಳಲು ಎಷ್ಟು ಹೊತ್ತು ಬೇಕು? ಆದರೆ ಅವನ ಮುಖ ನೋಡಿದೆ. ಈ ಹೊತ್ತಿನಲ್ಲೂ ಹೆಂಡತಿಯನ್ನು ಕಾಯುತ್ತಿರುವವನ ಮುಖ.

"ಆತು ಮಾಮಾ, ಹೇಳೂದಿಲ್ಲ," ಅಂದೆ.

ಲಿವರಿಗೇನೋ ಸ್ಪೆಷಲಿಸ್ಟ್ ಸಿಕ್ಕರು, ಖರೇ ಹೇಳಲಾರದ ನಮ್ಮ ನಾಲಿಗೆಯನ್ನು ಯಾವ ಊರಿನಲ್ಲಿ ತೋರಿಸೋಣ?